ಬಸ್ ಟಿಕೆಟ್‌ನ ಅಕ್ಷರ ಮಾಸ್ತಾ ಇದೆ, ಪ್ರವಾಸದ ಡೈರಿಯಲ್ಲಿ ಉಳಿಸೋದು ಹೇಗೆ?

ಕಿಟಕಿ_ಸೀಟು:
ಡೈರಿಯಲ್ಲಿ ಅಂಟಿಸಿದ ಹಳೇ ರಟ್ಟಿನ ರೈಲು ಟಿಕೆಟ್ ಹಾಗೇ ಇದೆ. ಕಂಡಕ್ಟರ್ ಮೆಷಿನ್‌ನಿಂದ ಹರಿದು ಕೊಡೋ ಟಿಕೆಟ್ ಮಾತ್ರ ಎರಡು ಮೂರು ವರ್ಷಕ್ಕೇ ಬೋಳು ಕಾಗದ. ಸೆಲ್ಲೋಟೇಪ್ ಹಾಕಿದ ಕಡೆ ಇನ್ನೂ ಬೇಗ ಮಾಸಿದೆ. ಲ್ಯಾಮಿನೇಷನ್ ಮಾಡಿಸಲೇ? ಮಾಸಿದ್ದನ್ನು ಓದೋಕೆ ದಾರಿ ಇದೆಯಾ?

ಹಳೇಪುಟ:
ಲ್ಯಾಮಿನೇಷನ್ ಮಾತ್ರ ಬೇಡ! ಇದು ಥರ್ಮಲ್ ಕಾಗದ, ಇದರಲ್ಲಿ ಶಾಯಿಯೇ ಇಲ್ಲ. ಮೇಲಿನ ಲೇಪನದಲ್ಲಿ ಬಣ್ಣ ಕಾಣದ ಒಂದು ಡೈ, ಜೊತೆಗೆ ಆಮ್ಲದ ಗುಣದ ಇನ್ನೊಂದು ರಾಸಾಯನಿಕ ಇರುತ್ತೆ. ಮೆಷಿನ್‌ನ ಬಿಸಿ ತಾಗಿದ ಕಡೆ ಎರಡೂ ಕರಗಿ ಬೆರೆತು ಕಪ್ಪಾಗುತ್ತವೆ. ಬಿಸಿ ಲ್ಯಾಮಿನೇಟರ್‌ಗೆ ಹಾಕಿದರೆ ಇಡೀ ಟಿಕೆಟ್ ಇದ್ದಿಲು. ಸೆಲ್ಲೋಟೇಪ್‌ನದು ಉಲ್ಟಾ ಕಥೆ: ಅಂಟಿನ ಅಂಶ ಇಳಿದು ಆ ಬೆರಕೆಯನ್ನು ಬಿಡಿಸಿಬಿಡುತ್ತೆ, ಬಣ್ಣ ಹೋಗುತ್ತೆ. ಮೆತ್ತನೆ ಪಿವಿಸಿ ಪ್ಲಾಸ್ಟಿಕ್ ಕವರ್, ಮಸಾಲೆ ದೋಸೆ ತಿಂದ ಬೆರಳು ಎಲ್ಲ ಮಾಡೋದು ಅದೇ ಕೆಲಸ.

ಊರಿಗೆ ಬಂದ ದಿನವೇ 600 ಡಿಪಿಐನಲ್ಲಿ (ಇಂಚಿಗೆ 600 ಚುಕ್ಕಿ) ಸ್ಕ್ಯಾನ್ ಮಾಡಿ. ಸ್ಕ್ಯಾನರ್ ಇಲ್ಲದಿದ್ದರೆ ಕಿಟಕಿ ಬೆಳಕಲ್ಲಿ, ಫ್ಲ್ಯಾಶ್ ಆಫ್ ಮಾಡಿ, ಫೋನನ್ನು ಟಿಕೆಟ್‌ಗೆ ನೇರವಾಗಿ ಮೇಲೆ ಹಿಡಿದು ಫೋಟೋ ತೆಗೀರಿ. ಅದನ್ನು ಬಣ್ಣ ಹೋಗದ ಶಾಯಿಯಲ್ಲಿ ಪ್ರಿಂಟ್ ಹಾಕಿಸಿ ಡೈರಿಗೆ ಅಂಟಿಸಿ. ಅಸಲಿ ಟಿಕೆಟ್‌ಗೆ ಅಂಟೇ ಬೇಡ, ಕಾಗದದ ಲಕೋಟೆಯಲ್ಲಿ ಹಾಕಿ ಕತ್ತಲಲ್ಲಿಡಿ.

ಮಳೆ_ಸೀಮೆ:
ಆಗುಂಬೆ, ಮಡಿಕೇರಿ ಕಡೆಯವರಿಗೆ ಬಿಸಿಗಿಂತ ತೇವದ್ದೇ ಕಾಟ. ಗಾಳಿಯ ತೇವಾಂಶ 65% ದಾಟಿ ಅಲ್ಲೇ ನಿಂತರೆ ಬೂಷ್ಟು ಹಿಡಿಯೋ ಅಪಾಯ ಜಾಸ್ತಿ. ಮೈದಾ ಅಂಟಿನ ಪುಟ ಬೆಳ್ಳಿಹುಳಕ್ಕೆ ಊಟ. ಬಿಗಿ ಮುಚ್ಚಳದ ಡಬ್ಬಿಯಲ್ಲಿ ತೇವ ಹೀರುವ ಸಿಲಿಕಾ ಜೆಲ್ ಜೊತೆ ಇಡಿ, ಆದರೆ ಡೈರಿ ಒಣಗಿರುವಾಗ. ಜೂನ್‌ನಲ್ಲಿ ತೇವ ಕುಡಿದ ಡೈರಿಯನ್ನು ಡಬ್ಬಿಗೆ ಹಾಕಿ ಮುಚ್ಚಿದರೆ ಬೂಷ್ಟಿಗೆ ಬಾಗಿಲು ಹಾಕಿ ಊಟ ಬಡಿಸಿದ ಹಾಗೆ. ಮಾರ್ಚ್‌ನಲ್ಲೇ ಮಾಡಿ ಮುಗಿಸಿ. ಬಿಸಿಲಿಗೆ ಹರಡಬೇಡಿ, ನೆರಳಲ್ಲಿ ಫ್ಯಾನ್ ಸಾಕು.

ಇನ್ನೊಂದು ಮಾತು. ಟಿಕೆಟ್‌ನಲ್ಲಿ ಊರು, ದರ, ಹೊತ್ತು ಇದ್ದೇ ಇದೆ. ಪಕ್ಕದಲ್ಲಿ ಅದರಲ್ಲಿ ಇಲ್ಲದ್ದನ್ನು ಬರೆಯಿರಿ: ಯಾವ ಬದಿ ಕಿಟಕಿ, ಬಸ್ ಟೀಗೆ ಎಲ್ಲಿ ನಿಂತಿತು, ಪಕ್ಕದ ಸೀಟಿನ ಬುಟ್ಟಿಯಲ್ಲಿ ಸಂಪಿಗೆಯೋ ಒಣಮೀನೋ. ಅದೇ ರಾತ್ರಿ ಬರೆಯಿರಿ, ಮೂರು ದಿನ ಬಿಟ್ಟರೆ ‘ಚೆನ್ನಾಗಿತ್ತು’ ಅಂತಷ್ಟೇ ಬರೋದು. 2ಬಿ ಪೆನ್ಸಿಲ್ ಒಳ್ಳೇದು, ಕೆಲವು ಜೆಲ್ ಪೆನ್ ಶಾಯಿ ತೇವಕ್ಕೆ ಹಬ್ಬುತ್ತೆ.

ಕಿಟಕಿ_ಸೀಟು:
ಮತ್ತೆ ಈಗಾಗಲೇ ಬೋಳಾದವು?

ಹಳೇಪುಟ:
ಮೊದಲು ಬಣ್ಣದಲ್ಲೇ ಸ್ಕ್ಯಾನ್ ಮಾಡಿ, ಕಪ್ಪು ಬಿಳುಪಲ್ಲಿ ಬೇಡ. ಫೋಟೋ ಆ್ಯಪ್‌ನಲ್ಲಿ ನೆಗೆಟಿವ್ ಮಾಡಿ ಕಾಂಟ್ರಾಸ್ಟ್ ಏರಿಸಿದರೆ ಎಷ್ಟೋ ಸಲ ದರದ ಅಂಕಿ ಸಿಗುತ್ತೆ. ಅದೂ ಆಗದಿದ್ದರೆ ಹೇರ್ ಡ್ರೈಯರನ್ನು ಕನಿಷ್ಠ ಬಿಸಿಯಲ್ಲಿ ಹಿಂಬದಿಗೆ, ಒಂದು ಗೇಣು ದೂರದಿಂದ ಹಿಡೀರಿ. ಹಿನ್ನೆಲೆ ಬೂದಿ ಬಣ್ಣಕ್ಕೆ ತಿರುಗಿ ಅಕ್ಷರ ಬಿಳಿಯಾಗಿ ಎದ್ದರೆ ತಕ್ಷಣ ನಿಲ್ಲಿಸಿ ಫೋಟೋ ತೆಗೀರಿ. ಕಪ್ಪಾದ ಕಾಗದ ಮತ್ತೆ ಬಿಳಿಯಾಗಲ್ಲ, ಹಾಗಾಗಿ ಮೊದಲು ಬೇಡದ ಬಿಲ್ಲೊಂದರ ಮೇಲೆ ಕೈ ಪಳಗಿಸಿಕೊಳ್ಳಿ.

ಮಳೆ_ಸೀಮೆ:
ಆ ಫೋಟೋವನ್ನು ವಾಟ್ಸ್ಆ್ಯಪ್‌ನಲ್ಲಿ ಕಳಿಸೋದಾದರೆ ‘ಡಾಕ್ಯುಮೆಂಟ್’ ಅಂತ ಕಳಿಸಿ. ಮಾಮೂಲಿ ಫೋಟೋ ಥರ ಕಳಿಸಿದರೆ ತೆಗೆದ ದಿನಾಂಕ, ಜಾಗದ ವಿವರ ಎರಡೂ ಉದುರಿಹೋಗುತ್ತವೆ.