ಮಧ್ಯಯುಗದ ಐರಿಷ್ ಆಸ್ಥಾನಕವಿಗಳು ಪದ್ಯ ಕಟ್ಟುತ್ತಿದ್ದುದು ಹೇಗೆ?

ಛಂದೋಪ್ರಿಯ:
ಐರ್ಲೆಂಡಿನ ‘ಫಿಲಿ’ಗಳು ಕತ್ತಲೆಕೋಣೆಯಲ್ಲಿ ಮಲಗಿಕೊಂಡೇ ಪದ್ಯ ಕಟ್ಟುತ್ತಿದ್ದರಂತೆ, ನಿಜವೇ? ಅವರ ‘ದೆವಿಯೆ’ ಛಂದಸ್ಸಿಗೆ ಸಾಲಿಗೆ ಏಳಕ್ಷರ, ಜೊತೆಗೊಂದು ಅಂತ್ಯಪ್ರಾಸ ಇದ್ದರೆ ಸಾಕಾ?

ಹಳೆಹೊತ್ತಗೆ:
ಸಾಲದು ಸರ್. ನಾಲ್ಕು ಸಾಲು, ಸಾಲಿಗೆ 7 ಅಕ್ಷರ, 1ಕ್ಕೆ 2, 3ಕ್ಕೆ 4 ಪ್ರಾಸ, ಇಷ್ಟು ಸುಲಭ. ಆದರೆ ಎರಡನೇ ಸಾಲಿನ ಕೊನೆಪದ ಮೊದಲನೆಯದಕ್ಕಿಂತ ಒಂದಕ್ಷರ ಉದ್ದವಿರಬೇಕು. ಮೊದಲನೆಯದು ಒಂದೇ ಅಕ್ಷರದ ಪದವಾದರೆ, ಒತ್ತು ಬೀಳುವ ಆ ಅಕ್ಷರಕ್ಕೆ ಎರಡನೆಯದರ ಒತ್ತಿಲ್ಲದ ಅಕ್ಷರ ಪ್ರಾಸವಾಗುತ್ತದೆ. ಎರಡಕ್ಕೂ ಒತ್ತು ಕೊಟ್ಟು ಓದಿದರೆ ಲಯವೇ ಕೆಟ್ಟಿತು. ವ್ಯಂಜನಗಳು ಒಂದೇ ಆಗಬೇಕಿಲ್ಲ, ಒಂದೇ ಗುಂಪಿನವಾದರೆ ಸಾಕು: ಪ-ತ-ಕ ಒಂದು ಗುಂಪು, ಬ-ದ-ಗ ಇನ್ನೊಂದು. ‘ಸ’ಕಾರ ಮಾತ್ರ ತನ್ನೊಂದಿಗೆ ತಾನೇ. ಇದರ ಮೇಲೆ ಪ್ರತಿ ಸಾಲಿನಲ್ಲೂ ಎರಡು ಪದಗಳ ಆದ್ಯಕ್ಷರ ಹೊಂದಬೇಕು. ಕೊನೆಯ ಸಾಲಿನಲ್ಲಂತೂ ಒತ್ತುಳ್ಳ ಕೊನೆಯೆರಡು ಪದಗಳೇ ಹೊಂದಬೇಕು. ಹೊಸಬರು ಎಡವುವುದು ಹೆಚ್ಚಾಗಿ ಇಲ್ಲೇ.

ಓಲೆಗರಿ:
ಕತ್ತಲೆಕೋಣೆಯ ವಿಷಯ ನಿಜ. 1722ರಲ್ಲಿ ಅಚ್ಚಾದ ಒಂದು ವರ್ಣನೆಯಲ್ಲಿ ವಿವರವಾಗಿದೆ. ಅದು ಈ ಕವಿಗಳು ಕಲಿಯುತ್ತಿದ್ದ ಶಾಲೆಗಳ ಕೊನೆಗಾಲದ ಚಿತ್ರ ಎಂಬುದು ನೆನಪಿರಲಿ. ಕಿಟಕಿಯಿಲ್ಲದ ಸಣ್ಣ ಕೋಣೆ, ಒಳಗೊಂದು ಹಾಸಿಗೆ. ಗುರು ಹಿಂದಿನ ರಾತ್ರಿ ವಸ್ತು ಕೊಡುತ್ತಿದ್ದ. ಮರುದಿನವಿಡೀ ಕತ್ತಲಲ್ಲೇ ಮಲಗಿ ಮನಸ್ಸಿನಲ್ಲಿ ಕಟ್ಟಬೇಕು. ನಿಗದಿತ ಹೊತ್ತಿಗೆ ದೀಪ ತಂದಾಗಲೇ ಬರೆಯುವುದು, ಆಮೇಲೆ ಗುರುವಿನ ಪರೀಕ್ಷೆ. ಕಣ್ಣಿಗೆ ಬೇರೇನೂ ಬೀಳದಿದ್ದರೆ ಮನಸ್ಸು ಚದುರದು ಎಂಬುದೇ ಕಾರಣ. ಪಾಠ ಸೆಪ್ಟೆಂಬರ್ ಕೊನೆಯಿಂದ ಮಾರ್ಚ್ 25ರವರೆಗೆ. ಇಷ್ಟು ಬಿಗಿ ನಿಯಮಗಳನ್ನು ಹಾಳೆಯಿಲ್ಲದೆ ಸಂಭಾಳಿಸಿದ ಆ ಜ್ಞಾಪಕಶಕ್ತಿ ದೊಡ್ಡದು!

ಛಂದೋಪ್ರಿಯ:
ಧನ್ಯವಾದ. ಸಭೆಯಲ್ಲಿ ಕವಿಯೇ ಹಾಡುತ್ತಿದ್ದನೇ? ಒಡೆಯ ಮುನಿದರೆ ಗತಿ?

ಹಳೆಹೊತ್ತಗೆ:
ವಾಚನಕ್ಕೆ ‘ರೆಕರೆ’ ಎಂಬ ಬೇರೆಯವನಿದ್ದ, ಜೊತೆಗೆ ಹಾರ್ಪ್ ನುಡಿಯುತ್ತಿತ್ತು. ಮುನಿಸಿನ ಮಾತಿಗೆ ಮುರೆಯಾಖ್ ಓ ಡಾಲಿ ಎಂಬ ಕವಿಯನ್ನೇ ನೋಡಿ. 1213ರಲ್ಲಿ ಸ್ಲೈಗೊದ ಲಿಸಡೆಲ್‌ನಲ್ಲಿ, ಕಪ್ಪ ವಸೂಲಿಗೆ ಬಂದು ಜಗಳ ತೆಗೆದ, ದೊರೆ ಓ ಡಾನಲ್‌ನ ಅಧಿಕಾರಿಯನ್ನು ಕೊಡಲಿಯಿಂದ ಕೊಂದ. ಓಡಿಹೋಗಿ ನಾರ್ಮನ್ ಪ್ರಭು ರಿಚರ್ಡ್ ದ ಬರ್ಗ್‌ನ ಆಶ್ರಯ ಕೇಳುತ್ತ, ಒಬ್ಬ ಆಳು ಬೈದ, ಕೊಂದೆ, ಇಷ್ಟಕ್ಕೆ ಹಗೆತನವೇ ಎಂದು ಪದ್ಯದಲ್ಲೇ ವಾದಿಸಿದ. ಓ ಡಾನಲ್ ಬೆನ್ನುಹತ್ತಿದ್ದರಿಂದ ಕೊನೆಗೆ ಸ್ಕಾಟ್ಲೆಂಡ್ ಸೇರಿದ. ಅಲ್ಲಿಂದ ಮೂರು ಸ್ತುತಿಪದ್ಯ ಬರೆದು ರಾಜಿಯಾದ, ಜಮೀನೂ ಸಿಕ್ಕಿತು.

ಓಲೆಗರಿ:
ಹಸ್ತಪ್ರತಿ ಓದುವವರಿಗೆ ಇನ್ನೊಂದು ಗುರುತು. ಪದ್ಯ ಶುರುವಾದ ಪದದಲ್ಲೋ ಅದರ ಮೊದಲ ಅಕ್ಷರದಲ್ಲೋ ಮುಗಿಯಬೇಕು, ಇದು ‘ದೂನ’. ಎಲ್ಲೂ ಅದು ಕಾಣದಿದ್ದರೆ ಕೊನೆಯ ಪದ್ಯಗಳು ಕಳೆದಿರುವ ಸಂಭವ ಹೆಚ್ಚು. ದೂನದ ನಂತರವೂ ಸಾಲುಗಳಿದ್ದರೆ ಗಾಬರಿ ಬೇಡ. ಅವು ಸಾಮಾನ್ಯವಾಗಿ ಒಡೆಯನ ಹೆಂಡತಿಗೋ ಒಬ್ಬ ಸಂತನಿಗೋ ಸಲ್ಲಿಸಿದ ಹೆಚ್ಚಿನ ಪದ್ಯಗಳು.