ನಿರೋಧಕ ತಳಿ ಗೋಧಿ ಹಾಕಿದ್ರೂ ಹೇನು ಬಿದ್ದೈತಿ, ಯಾಕ?

ಪ್ರಶ್ನೆ: ನಮಸ್ಕಾರ್ರಿ ಸರ್, ನಮ್ದು ವಿಜಯಪುರ ಜಿಲ್ಲಾ, ಎರಿ ಹೊಲ. ಇದು ನಿರೋಧಕ ತಳಿ ಐತಿ ಏನೂ ಆಗಂಗಿಲ್ಲ ಅಂತ ಅಂಗಡ್ಯಾಗ ಹೇಳಿ ಬೀಜ ಕೊಟ್ರು, ಡಿಸೆಂಬರ್ ಮೊದಲ್ನೇ ವಾರ ಬಿತ್ತೀವಿ, ಈಗ ನೋಡಿದ್ರ ತೆನಿ ತುಂಬ ಹಸರ ಹೇನು, ಎಲಿ ಮುಟ್ಟಿದ್ರ ಬೆಲ್ಲದ ಪಾಕ ಹತ್ತಿದಂಗ ಕೈ ಅಂಟತಾವ. ಬೀಜ ಖೋಟಾ ಇರಬಹುದೇನ್ರಿ?

ಉತ್ತರ: ಬೀಜ ಖೋಟಾ ಅಂತ ಈಗ್ಲೇ ಅನ್ಕೋಬೇಡಿ. ನಮ್ಮಲ್ಲಿ ಗೋಧಿ ಬೀಜಕ್ಕೆ ನಿರೋಧಕ ಅಂದ್ರೆ ಸಾಮಾನ್ಯವಾಗಿ ತುಕ್ಕು ರೋಗಕ್ಕೆ ಅಂತ ಅರ್ಥ. ತುಕ್ಕು ಬರೋದು ಶಿಲೀಂಧ್ರದಿಂದ, ಹೇನು ರಸ ಹೀರೋ ಹುಳ, ಒಂದನ್ನ ತಡೆಯೋ ಗಿಡ ಇನ್ನೊಂದನ್ನೂ ತಡೀಬೇಕು ಅಂತೇನಿಲ್ಲ. ಇದನ್ನ ಬೀಜ ಕೊಡುವಾಗ್ಲೇ ಬಿಡಿಸಿ ಹೇಳಬೇಕು, ಹೇಳಲ್ಲ ಅನ್ನೋದೇ ನನಗೆ ಬೇಜಾರು.

ಇನ್ನು ಹೇನಿಗೇ ನಿರೋಧಕ ಇರೋ ತಳಿ ಆದ್ರೂ ಹೇನು ಬರೋದೇ ಇಲ್ಲ ಅಂತಲ್ಲ. ಕೆಲವು ತಳಿ ಮೇಲೆ ಹೇನು ಕೂರೋಕೆ ಇಷ್ಟಪಡಲ್ಲ, ಕೆಲವುದರ ರಸ ಕುಡಿದ್ರೆ ಅದು ನಿಧಾನ ಬೆಳೆದು ಕಡಿಮೆ ಮರಿ ಹಾಕುತ್ತೆ, ಇನ್ನು ಕೆಲವು ಹೇನು ಇದ್ರೂ ತಾಳ್ಕೊಂಡು ಇಳುವರಿ ಕೊಡುತ್ತೆ. ಹೆಣ್ಣು ಹೇನು ಗಂಡಿಲ್ದೆನೇ ಮರಿ ಹಾಕುತ್ತಲ್ಲ, ಹಂಗಾಗಿ ದಿನಕ್ಕೆ ಒಂದೆರಡು ಮರಿ ಕಡಿಮೆ ಆದ್ರೂ ಮೂರು ವಾರದಲ್ಲಿ ಲೆಕ್ಕ ಪೂರ್ತಿ ಬದಲಾಗುತ್ತೆ, ಅಷ್ಟರಲ್ಲಿ ಗುಲಗಂಜಿ ಹುಳಕ್ಕೆ ತಿಂದು ಮುಗಿಸೋಕೆ ಟೈಮ್ ಸಿಗುತ್ತೆ.

ಪ್ರಶ್ನೆ: ಹಂಗಾರ ಹೇನಿಗೆ ನಿರೋಧಕ ಇರೋ ತಳೀನ ಹುಡುಕಿ ಹಾಕಿದ್ರ ಮುಗೀತಲ್ರಿ?

ಉತ್ತರ: ಮುಗಿಯಲ್ಲ ಸರ್. ಅಮೆರಿಕದ ಕೊಲೊರಾಡೊದಲ್ಲಿ ರಷ್ಯನ್ ಗೋಧಿ ಹೇನಿನ ಕಾಟಕ್ಕೆ 1994ರಲ್ಲಿ ಹಾಲ್ಟ್ ಅನ್ನೋ ತಳಿ ಬಿಟ್ರು, ಅದರಲ್ಲಿದ್ದದ್ದು ಡಿಎನ್4 ಅನ್ನೋ ಒಂದೇ ಜೀನ್. 2003ಕ್ಕೆ ಆ ಜೀನ್ ಇದ್ರೂ ಆರಾಮಾಗಿ ತಿನ್ನೋ ಹೊಸ ಹೇನು ಅಲ್ಲೇ ಕಾಣಿಸ್ಕೊಳ್ತು. ಒಂದೇ ಜೀನ್ ನಂಬ್ಕೊಂಡು ಕೂತ್ರೆ ಹಿಂಗೇ. ಮತ್ತೆ ನಿಮ್ಮಲ್ಲಿ ಬಿತ್ತನೆ ಲೇಟ್ ಆಗಿದೆ, ತಡ ಬಿತ್ತಿದ ಗೋಧೀಲಿ ಹೇನು ಏರೋ ಹೊತ್ತಿಗೆ ಕಾಳು ಇನ್ನೂ ಹಾಲು ತುಂಬೋ ಹಂತದಲ್ಲಿರುತ್ತೆ. ಯೂರಿಯಾ ಎಷ್ಟು ಹಾಕಿದ್ರಿ?

ಪ್ರಶ್ನೆ: ಎರಡ್ ಸಲ ಹಾಕೀನ್ರಿ, ಸ್ವಲ್ಪ ಜಾಸ್ತೀನೇ. ಈಗ ಹುಳದ ಎಣ್ಣಿ (ಕೀಟನಾಶಕ) ಹೊಡೀಲೇನ್ರಿ?

ಉತ್ತರ: ಜಾಸ್ತಿ ಯೂರಿಯಾಕ್ಕೆ ಗಿಡ ಮೆತ್ತಗಾಗುತ್ತೆ, ಹೇನಿಗೆ ಹಬ್ಬ. ಹೊಡೆಯೋಕೆ ಮುಂಚೆ ನಾಳೆ ಬೆಳಿಗ್ಗೆ ಹೊಲದ ಐದಾರು ಕಡೆ ತೆನೆ ಬಗ್ಗಿಸಿ ನೋಡಿ. ಹೇನಿನ ನಡುವೆ ಗುಂಡಗೆ ಉಬ್ಬಿ ಕಂದು ಬಣ್ಣಕ್ಕೆ ತಿರುಗಿ ಅಲುಗಾಡದೆ ಕೂತಿರೋವು ಇದ್ಯಾ? ಅವು ಸತ್ತ ಹೇನು, ಒಳಗೆ ಪುಟ್ಟ ಕಣಜದ ಮರಿ ಬೆಳೀತಿರುತ್ತೆ. ಅವು, ಗುಲಗಂಜಿ ಹುಳದ ಮರಿ, ಎರಡೂ ಸುಮಾರಾಗಿ ಕಂಡ್ರೆ ನಾಲ್ಕೈದು ದಿನ ಕಾಯಿರಿ. ತೆನೆ ಫೋಟೋ ಹತ್ತಿರದಿಂದ ತೆಗೆದು ಇಲ್ಲೇ ಹಾಕಿ, ನೋಡಿ ಹೇಳ್ತೀನಿ.