ಕೀಟಾರ್: ರಿಬ್ಬನ್ ಮುಟ್ಟಿದರೆ ಸ್ವರ ಎಗರುತ್ತದೆ

ಪ್ರಶ್ನೆ: ಕೀಟಾರ್ (ಗಿಟಾರಿನಂತೆ ಹೆಗಲಿಗೆ ತೂಗುಹಾಕಿ ನುಡಿಸುವ ಕೀಬೋರ್ಡ್) ಕತ್ತಿನ ರಿಬ್ಬನ್‌ಗೆ (ಬೆರಳು ಜಾರಿಸಿ ಸ್ವರ ಬಾಗಿಸುವ ಸ್ಪರ್ಶಪಟ್ಟಿ) ಹೆಬ್ಬೆರಳು ತಾಗಿದ ಕೂಡಲೇ ಪಿಚ್ (ಸ್ವರದ ಎತ್ತರ) ಎಗರುತ್ತದೆ. ನಯವಾಗಿ ಜಾರಿಸುವುದು ಹೇಗೆ?

ಉತ್ತರ 1: ಅನೇಕ ರಿಬ್ಬನ್‌ಗಳಲ್ಲಿ ನಡುಬಿಂದುವೇ ಸೊನ್ನೆ (ಅಲ್ಲಿ ಸ್ವರ ಬಾಗದು), ಅಂಚಿಗೆ ತಾಗಿದರೆ ಪಿಚ್ ನೇರ ಅಲ್ಲಿಗೇ ಹಾರುತ್ತದೆ. ಮೊದಲು ನಡುವೆ ಬೆರಳೂರಿ, ಆಮೇಲೆ ಕೀ ಒತ್ತಿ, ಜಾರಿಸಿ. ಬೆಂಡ್ ರೇಂಜ್ (ಸ್ವರ ಗರಿಷ್ಠ ಎಷ್ಟು ಬಾಗಬಹುದು ಎಂಬ ಮಿತಿ) 2 ಸೆಮಿಟೋನ್ (ಅರ್ಧಸ್ವರ) ಇರಲಿ. ಸಿ ಒತ್ತಿ ಮೇಲಿನ ತುದಿಗೆ ಜಾರಿಸಿದರೆ ಡಿ ಬರಬೇಕು. ಡಿ ಕೀ ನುಡಿಸಿ ಹೋಲಿಸಿ. ಕಿವಿ ಪಳಗುವ ಮೊದಲೇ 12ಕ್ಕೆ ಏರಿಸಬೇಡಿ, ಕೂದಲೆಳೆಯಷ್ಟು ಸರಿದರೂ ಅಪಸ್ವರ. ರಿಲೀಸ್ (ಕೀ ಬಿಟ್ಟ ಮೇಲೆ ನಾದ ಅಡಗಲು ಹಿಡಿಯುವ ಸಮಯ) ಉದ್ದವಿದ್ದರೆ ನಾದ ಪೂರ್ತಿ ಅಡಗಿದ ಮೇಲೆಯೇ ರಿಬ್ಬನ್ ಮೇಲಿನ ಬೆರಳೆತ್ತಿ.

ಉತ್ತರ 2: ಹೆಗಲಿನ ಪಟ್ಟಿಯನ್ನೂ ಬಿಗಿ ಮಾಡಿ. ಎಡಗೈ ಕತ್ತಿನ ಭಾರ ಹೊರುತ್ತಿದ್ದರೆ ಹೆಬ್ಬೆರಳು ಸಡಿಲಾಗುವುದೇ ಇಲ್ಲ.

ಪ್ರಶ್ನೆ ಕೇಳಿದವರು: ಕೆಲವೊಮ್ಮೆ ಕೀ ಬಿಟ್ಟರೂ ಸ್ವರ ನಿಲ್ಲುವುದಿಲ್ಲ.

ಉತ್ತರ 2: ಅಂಗೈ ಹೋಲ್ಡ್ ಬಟನ್ ಒತ್ತುತ್ತಿರಬೇಕು. ಅದು ಕೀ ಬಿಟ್ಟರೂ ನಾದ ಉಳಿಸುವ ಸಸ್ಟೇನ್ ಪೆಡಲ್‌ನ ಕೆಲಸವನ್ನೇ ಮಾಡುತ್ತದೆ. ಹಿಡಿತವನ್ನು ಒಂದು ಬೆರಳಗಲ ಸರಿಸಿ ನೋಡಿ.